ಜನವರಿಯ ನಕ್ಷೆ

ಕಡತ ತೆರೆಯಿತು. ತಕರಾರಿಲ್ಲ, ಸದ್ದಿಲ್ಲ,
ಬರೀ ಬಿಳಿ.

ನಾರಿನ್ ಪಟ್ಟಣದ ಭೂದಾಖಲೆ ಕಚೇರಿ, ಎರಡನೇ ಮಹಡಿ,
ಹೀಟರಿನ ಒಂದೇ ಸರಳು ಕೆಂಪಗೆ.
ಮೇಜಿನಾಚೆ ಸಾದಿರ್‌ಬೆಕ್,
ಅವನಿಂದ ಎರಡು ಕುರ್ಚಿ ಬಿಟ್ಟು ಜುಮಾಗುಲ್.
ಇಬ್ಬರ ಕುರಿಗಳೂ ಮೇಯುವುದು ಒಂದೇ ಇಳಿಜಾರಿನಲ್ಲಿ,
ಇಬ್ಬರೂ ಬಂದದ್ದು ಒಂದೇ ಬಸ್ಸಿನಲ್ಲಿ, ಮಾತಾಡದೆ.

ಪರದೆಯನ್ನು ಅವರ ಕಡೆ ತಿರುಗಿಸಿದೆ.
ಸಾದಿರ್‌ಬೆಕ್ ಟೋಪಿ ಹಿಂದೆ ಸರಿಸಿ ದಿಟ್ಟಿಸಿದ:
"ಸರಿಯಾಗೇ ಇದೆಯಲ್ಲ. ಜನವರಿಯಲ್ಲಿ ಹೀಗೇ ಕಾಣೋದು."
ಜುಮಾಗುಲ್ ನಕ್ಕುಬಿಟ್ಟಳು.
ನಗಬಾರದೆಂದು ನೆನಪಾಗಿ ನಿಲ್ಲಿಸಿದಳು.

ಹಿಗ್ಗಿಸಿದೆ: ದೊಡ್ಡ ಬಿಳಿ. ಕುಗ್ಗಿಸಿದೆ: ಚಿಕ್ಕ ಬಿಳಿ.
ಬಾಲದ ಮೂರಕ್ಷರ ಬದಲಿಸಿ ನೋಡಿದೆ,
ಹೆಸರು ಬೇರೆಯಾದರೆ ಹಣೆಬರಹವೂ ಬೇರೆಯಾದೀತೇ ಎಂದು.
ಇನ್ನೊಂದು ವೀಕ್ಷಕ ಹಾಕಿದೆ; ಅದೊಂದು ಬೂದು ಚೌಕ ತೋರಿಸಿ
ಕೈ ತೊಳೆದುಕೊಂಡಿತು.
ಪೆನ್‌ಡ್ರೈವ್ ಕಿತ್ತು, ಊದಿ, ಮತ್ತೆ ಚುಚ್ಚಿದೆ.
ಊದುವುದು ಯಾಕೋ ಯಾರಿಗೂ ಗೊತ್ತಿಲ್ಲ, ಎಲ್ಲರೂ ಊದುತ್ತೇವೆ.

ಕೆಟ್ಟಿದ್ದರೆ ಇಷ್ಟು ಭಾರ ಇರಬಾರದು:
ಆರುನೂರ ಹದಿನೆಂಟು ಎಂಬಿ.
ಬರೀ ಬಿಳಿ ಇಷ್ಟೊಂದು ತೂಗುವುದಿಲ್ಲ.
ಬೂದಿ ಮುಚ್ಚಿದ ಕೆಂಡ ಅನ್ನುತ್ತಾರಲ್ಲ,
ಇದು ಹಿಮ ಮುಚ್ಚಿದ ಹೊಳೆ,
ಕಿವಿಯಿಟ್ಟರೆ ಒಳಗೆಲ್ಲೋ ಹರಿಯುತ್ತಿದೆ.

ಓಶ್‌ಗೆ ಫೋನು ಮಾಡಿದೆ. ನಕ್ಷೆ ಬರೆದ ಬುರುಲ್ಚಾ
ಈಗ ಅಲ್ಲಿ ಅಡುಗೆಮನೆ ಕಪಾಟು ಬರೆಯುತ್ತಾಳೆ;
ಹಿಂದಿನಿಂದ ಗರಗಸದ ಸದ್ದು.
"ಅಯ್ಯೋ, ಆ ಗುರುತು ನಾನೇ ತೆಗೆದಿದ್ದೆ ಕಣೋ.
ಉಳಿಸುವಾಗ ಕೇಳುತ್ತಲ್ಲ,
ಎಲ್ಲ ಪದರ ಸೇರಿಸಿದ ಒಂದು ಚಿತ್ರ ಕೊನೆಗೆ ಇಡಲೇ ಅಂತ,
ಡಿಸ್ಕಿನಲ್ಲಿ ಜಾಗವಿರಲಿಲ್ಲ, ಬೇಡ ಅಂದೆ.
ಬರೀ ನೋಡೋ ತಂತ್ರಾಂಶಕ್ಕೆ ಪದರ ಓದೋಕೆ ಬರಲ್ಲ, ಪಾಪ.
ಆ ಕೊನೇ ಚಿತ್ರವನ್ನೇ ಹುಡುಕುತ್ತೆ, ಅಲ್ಲೇನೂ ಇಲ್ಲ."
ಗರಗಸ ನಿಂತಿತು. "ಇಬ್ಬರೂ ಬಂದಿದ್ದಾರಾ?"
ಹೂಂ ಅಂದೆ.
"ಹಾಗಾದರೆ ಎಂಟನೇ ಪದರ ಮುಟ್ಟಬೇಡ."

ಪೂರ್ತಿ ತಂತ್ರಾಂಶ ಇರುವುದು ಪಕ್ಕದ ಕೋಣೆಯ ಹಳೇ ಯಂತ್ರದಲ್ಲಿ.
ಅವಳ ಕೂದಲಿನ ಕ್ಲಿಪ್ಪು ಇನ್ನೂ ಕೀಲಿಮಣೆಯ ಮೇಲಿದೆ.
ಹನ್ನೊಂದು ನಿಮಿಷ ಹಿಡಿಯಿತು,
ಚಹಾ ಕುಡಿದೆವು, ಮೂವರೂ ಗೋಡೆ ನೋಡುತ್ತ.

ಆಮೇಲೆ ಅಡಿಯಿಂದ ಒಂದೊಂದೇ ಎದ್ದು ಬಂತು:
ಹಳದಿ ಕಾಗದ, ಮಡಿಕೆಯ ಗೆರೆ ಸಹಿತ;
ಸೋವಿಯತ್ ಕಾಲದ ಎತ್ತರದ ರೇಖೆಗಳು, ಹೆಬ್ಬೆಟ್ಟಿನ ಗುರುತಿನ ಹಾಗೆ;
ಹೊಳೆ, ಹೊಳೆ ಬಿಟ್ಟುಹೋದ ಹಳೇ ಪಾತ್ರ;
ಚಳಿಗಾಲದ ದೊಡ್ಡಿಗಳು, ಒಂದರ ಮೇಲೆ "ಬಿದ್ದಿದೆ" ಎಂಬ ಟಿಪ್ಪಣಿ;
ಕೆಂಪು ಗಡಿ.
ಪ್ರತಿ ಪದರದ ಪಕ್ಕ ತೆರೆದ ಕಣ್ಣೊಂದು.
ಎಂಟರ ಪಕ್ಕ ಮಾತ್ರ ಖಾಲಿ ಚೌಕ.
ಹೆಸರು: ಅಜ್ಜಿ ಹೇಳಿದ್ದು.

ನಾನಾಗಿ ಮುಟ್ಟುತ್ತಿರಲಿಲ್ಲ.
"ಅದೇನದು?" ಅಂದಳು ಜುಮಾಗುಲ್.
ಒತ್ತಿದೆ.

ಗಡಿಯಾಚೆ, ಸಾದಿರ್‌ಬೆಕ್‌ನ ಕಡೆ, ನೀಲಿ ಚುಕ್ಕೆ: ಚಿಲುಮೆ.
ಅಲ್ಲಿಂದ ಅವಳ ದೊಡ್ಡಿಯ ತನಕ ಮುರುಕು ಮುರುಕು ಕಾಲುದಾರಿ.
ಅಳತೆಯಿಲ್ಲ, ಸಹಿಯಿಲ್ಲ, ಯಾರದೋ ಅಜ್ಜಿಯ ಬಾಯಿಮಾತು.

"ಅಂಥ ಚಿಲುಮೆ ಇಲ್ಲ," ಅಂದ ಸಾದಿರ್‌ಬೆಕ್.
"ಅದನ್ನ ಕುಡಿದೇ ಬೆಳೆದೆ ನೀನು."
ಅವನು ಹೀಟರಿನತ್ತ ಕೈ ಚಾಚಿದ. ತುಂಬ ಹೊತ್ತಿನ ಮೇಲೆ,
"ಕಬ್ಬಿಣದ ರುಚಿ," ಅಂದ, "ಅದರ ನೀರಿಗೆ."

ಯಂತ್ರ ಕೇಳುತ್ತಿದೆ: ಸೇರಿಸಿದ ಚಿತ್ರವನ್ನೂ ಇಡಲೇ?
ಇಡು ಅಂದರೆ, ಈ ಗಳಿಗೆ ತೆರೆದಿರುವ ಕಣ್ಣುಗಳಿಗೆ ಕಂಡಷ್ಟೇ
ನಾಳೆ ಎಲ್ಲ ವೀಕ್ಷಕಗಳಲ್ಲೂ ನಾರಿನ್‌ನ ಇಳಿಜಾರು.
ನಾನು ಗುಮಾಸ್ತ. ನನಗೆ ಸಂಬಳ ಅಚ್ಚು ಹಾಕಿ ಕೊಡುವುದಕ್ಕೆ.

ಕೆಳಗೆ ನಾಲ್ಕೂವರೆಯ ಬಸ್ಸು ಹಾರ್ನು ಹೊಡೆಯುತ್ತಿದೆ.
ನನ್ನ ಬೆರಳು ಆ ಪುಟ್ಟ ಚೌಕದ ಮೇಲೆ.
ಇಬ್ಬರೂ ಎದ್ದಿಲ್ಲ.